ಕಾರಿನ ಕೆಳಗೆ ಹಾಸಿದ ಪೇಪರು

ಸೋರುವ ವಿಷಯದಲ್ಲಿ ನಮ್ಮ ಹೆಂಗಸರಿಗಿರುವ ಅನುಭವ ದೊಡ್ಡದು. ಮಳೆಗಾಲದಲ್ಲಿ ಹಂಚಿನ ಸಂದಿಯಿಂದ ಬೀಳುವ ಹನಿ ಯಾವ ಮೂಲೆಯದೆಂದು ಶಬ್ದದಿಂದಲೇ ಹೇಳಬಲ್ಲೆವು. ಕುಕ್ಕರಿನ ಗ್ಯಾಸ್ಕೆಟ್ ಸವೆದದ್ದು, ನಲ್ಲಿಯ ವಾಷರ್ ಹೋದದ್ದು, ಕೊನೆಗೆ ತಿಂಗಳ ಸಂಬಳ ಎಲ್ಲಿ ಸೋರಿತೆಂಬುದೂ ಮೊದಲು ಗೊತ್ತಾಗುವುದು ನಮಗೇ. ಆದರೆ ಅಂಗಳದಲ್ಲಿ ನಿಂತ ಕಾರಿನ ಮಾತು ಬಂದರೆ ಮಾತ್ರ, "ಅದೆಲ್ಲ ನಿನಗೆ ತಿಳಿಯೋಲ್ಲ ಬಿಡು" ಎಂಬ ಒಂದೇ ವಾಕ್ಯ ನಮ್ಮ ಬಾಯಿ ಮುಚ್ಚಿಸಿಬಿಡುತ್ತದೆ!

ನಮ್ಮದು 2012ರಲ್ಲಿ ಕೊಂಡ ಮಾರುತಿ 800. ಆ ಗಾಡಿಯ ತಯಾರಿಕೆಯೇ 2014ರಲ್ಲಿ ನಿಂತುಹೋಯಿತು. ನಮ್ಮದು ಮಾತ್ರ ಓಡುತ್ತಲೇ ಇದೆ. ತೀರ್ಥಹಳ್ಳಿಯಿಂದ ನನ್ನ ಶಾಲೆಗೆ ದಿನವೂ ನಾನೇ ಓಡಿಸಿಕೊಂಡು ಹೋಗುವುದರಿಂದ ಅದರ ಸ್ವಭಾವ ನನ್ನ ಕಾಲಿಗೆ ಗೊತ್ತು. ಹೋದ ವರ್ಷ ಒಂದು ದಿನ ಬ್ರೇಕ್ ಒತ್ತಿದಾಗ ಪೆಡಲ್ ಎಂದಿಗಿಂತ ಸ್ವಲ್ಪ ಕೆಳಗೆ ಹೋದಂತಾಯಿತು. ಗಾಡಿ ನಿಂತಿತು, ನಿಜ. ಆದರೆ ಹಿಟ್ಟಿನ ಮೇಲೆ ಕಾಲಿಟ್ಟ ಹಾಗೆ ಮೆತ್ತಗಿತ್ತು.

ಮನೆಗೆ ಬಂದು ಬಾನೆಟ್ ಎತ್ತಿ ನೋಡಿದೆ. ಬ್ರೇಕ್ ಆಯಿಲ್ ಇರುವ ಪುಟ್ಟ ಪ್ಲಾಸ್ಟಿಕ್ ಡಬ್ಬಿಯ ಮೇಲೆ ಎರಡು ಗೆರೆಗಳಿರುತ್ತವೆ. ಎಣ್ಣೆ ಕೆಳಗಿನ ಗೆರೆಗಿಂತಲೂ ಇಳಿದಿತ್ತು. ಇವರು ಊರಿನ ಗ್ಯಾರೇಜೊಂದಕ್ಕೆ ಒಯ್ದು ತುಂಬಿಸಿಕೊಂಡು ಬಂದರು. "ಪ್ಯಾಡ್ ಸವೆದರೆ ಎಣ್ಣೆ ಇಳಿಯುತ್ತಂತೆ, ಎಂತದೂ ಆಗೋಲ್ಲ ಮಾರಾಯ್ತಿ" ಎಂದರು. ಆ ಮಾತು ಸುಳ್ಳಲ್ಲ. ಆದರೆ ಪ್ಯಾಡ್ ಸವೆದು ಇಳಿಯುವುದು ತಿಂಗಳುಗಟ್ಟಲೆ, ಕೂದಲೆಳೆಯಷ್ಟು. ನಮ್ಮದರಲ್ಲಿ ಐದೇ ದಿನಕ್ಕೆ ಬೆರಳಗಲ ಇಳಿದಿತ್ತು!

ಆ ಭಾನುವಾರಕ್ಕೆ ಮುಹೂರ್ತ ಇಟ್ಟಾಗಿತ್ತು. ಮೂರು ತಿಂಗಳ ಬಾಣಂತನ ಮುಗಿಸಿ ಮಗಳನ್ನೂ ಕೂಸನ್ನೂ ಉಡುಪಿಗೆ, ಅವಳ ಗಂಡನ ಮನೆಗೆ ಬಿಟ್ಟುಬರಬೇಕು. ಉಡುಪಿಗೆ ಎಂದರೆ ಆಗುಂಬೆ ಘಾಟಿ ಇಳಿಯಬೇಕು. ಅಲ್ಲಿನ ತಿರುವುಗಳಲ್ಲಿ ಬ್ರೇಕಿಗೆ ಬಿಡುವೆಂಬುದಿಲ್ಲ. "ಈ ಗಾಡಿಯಲ್ಲಿ ಕೂಸನ್ನು ಕೂರಿಸುವುದಿಲ್ಲ" ಎಂದೆ. "ಬೀಗರಿಗೆ ಏನೆಂದು ಹೇಳೋದು? ಒಂದು ಬಾಟಲಿ ಎಣ್ಣೆ ಜೊತೆಗಿಟ್ಟುಕೊಂಡರಾಯಿತು" ಎಂದು ಇವರು ರೇಗಿದರು. ಮಗಳು ಇಬ್ಬರ ಮುಖವನ್ನೂ ನೋಡುತ್ತ ಕೂತಳು. ಬೀಗಿತ್ತಿಗೆ ನಾನೇ ಫೋನು ಮಾಡಿದೆ. "ಮುಹೂರ್ತ ಇನ್ನೊಂದು ಸಿಗುತ್ತದೆ, ನಿಧಾನಕ್ಕೆ ಬನ್ನಿ" ಎಂದರು ಆ ಪುಣ್ಯಾತ್ಗಿತ್ತಿ.

ಅಂದು ರಾತ್ರಿ ನಾಲ್ಕು ಚಕ್ರಗಳ ಕೆಳಗೂ, ಇಂಜಿನ್ನಿನ ಕೆಳಗೂ ಹಳೇ ಪೇಪರ್ ಹಾಸಿದೆ. ಬೆಳಿಗ್ಗೆ ಎಡಗಡೆಯ ಹಿಂದಿನ ಚಕ್ರದ ಕೆಳಗೆ ಐದು ರೂಪಾಯಿ ನಾಣ್ಯದಷ್ಟು ಕಲೆ! ಟೈರಿನ ಒಳಮೈಯೂ ಒದ್ದೆ. ಒಂದು ಹನಿಯನ್ನು ಲೋಟದ ನೀರಿಗೆ ಬಿಟ್ಟೆ. ಇಂಜಿನ್ ಆಯಿಲ್ ಆದರೆ ನೀರಿನ ಮೇಲೆ ತೇಲುತ್ತದೆ, ಬ್ರೇಕ್ ಆಯಿಲ್ ನೀರಿನಲ್ಲಿ ಬೆರೆತುಹೋಗುತ್ತದೆ. ಇದು ಬೆರೆಯಿತು. ಆ ಲೋಟವನ್ನು ಆಮೇಲೆ ಎಸೆದೆ; ಈ ಎಣ್ಣೆ ವಿಷ, ಮಕ್ಕಳ ಕೈಗೆ ಸಿಗಬಾರದು.

ಬಸ್ ನಿಲ್ದಾಣದ ಹಿಂದೆ ಶೆಡ್ ಹಾಕಿಕೊಂಡಿರುವ ಹುಡುಗ ನನ್ನ ಹಳೇ ಶಿಷ್ಯ. "ಗಾಡಿ ತರಬೇಡಿ ಟೀಚರ್, ನಾನೇ ಬರ್ತೀನಿ" ಎಂದು ಬಂದ. ಚಕ್ರ ಕಳಚಿ ಡ್ರಮ್ ತೆಗೆದರೆ ಒಳಗೆಲ್ಲ ಎಣ್ಣೆ. ವೀಲ್ ಸಿಲಿಂಡರಿನೊಳಗಿನ ರಬ್ಬರು ಸವೆದಿತ್ತು. ಅಷ್ಟು ಸಣ್ಣ ರಬ್ಬರಿಗೆ ಇಷ್ಟು ಅಪಾಯವೇ ಎಂದೆ. ಅವನು ನಕ್ಕು, "ಪಾಸ್ಕಲ್ ನಿಯಮ, ನಮ್ಮ ಸೈನ್ಸ್ ಮೇಷ್ಟ್ರು ಹೇಳಿಕೊಟ್ಟಿದ್ದರಲ್ಲ" ಎಂದ. ಮುಚ್ಚಿದ ಕೊಳವೆಯಲ್ಲಿರುವ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹೋಗುತ್ತದೆ. ನಮ್ಮ ಕಾಲಿನ ಬಲ ಚಕ್ರ ಮುಟ್ಟುವುದು ಹಾಗೆ. ಎಲ್ಲಾದರೂ ಸೋರಿದರೆ ಒತ್ತಡ ನಿಲ್ಲದು. ಗಾಳಿ ಸೇರಿದರೆ ನಾವು ಒತ್ತುವುದು ಬರೀ ಗಾಳಿಯನ್ನು. ಪೆಡಲ್ ಮೆತ್ತಗಾಗುವುದು ಅದಕ್ಕೇ.

ಎಡಕ್ಕೂ ಬಲಕ್ಕೂ ಹೊಸ ಸಿಲಿಂಡರು, ಹೊಸ ಬ್ರೇಕ್ ಶೂ ಹಾಕಿದ. ಎಣ್ಣೆ ಕುಡಿದ ಶೂ ತೊಳೆದರೂ ಸರಿಯಾಗಿ ಹಿಡಿಯುವುದಿಲ್ಲವಂತೆ. ಆಮೇಲೆ ಗಾಳಿ ತೆಗೆಯುವ ಕೆಲಸ. ಅವನು "ಒತ್ತಿ ಹಿಡೀರಿ ಟೀಚರ್" ಎಂದಾಗ ನಾನು ಪೆಡಲ್ ಒತ್ತಿ ಹಿಡಿಯಬೇಕು. ಅವನು ಚಕ್ರದ ಹತ್ತಿರದ ನಿಪ್ಪಲ್ ಸಡಿಲಿಸಿ, ಬಿಗಿ ಮಾಡಿ, "ಬಿಡಿ" ಎಂದ ಮೇಲೆಯೇ ಕಾಲೆತ್ತಬೇಕು. ಗುಳ್ಳೆ ನಿಲ್ಲುವವರೆಗೂ ಹೀಗೆ. ನಡುವೆ ಡಬ್ಬಿ ಬರಿದಾಗದಂತೆ ಎಣ್ಣೆ ಸುರಿಯುವ ಕೆಲಸ ಇವರಿಗೆ ಬಿತ್ತು. ಒಂದು ಹನಿ ಬಣ್ಣದ ಮೇಲೆ ಬಿದ್ದಾಗ ಹುಡುಗ ಓಡಿಬಂದು ನೀರು ಹೊಯ್ದ. ಬಿಟ್ಟರೆ ಪೇಂಟನ್ನೇ ತಿಂದುಹಾಕುತ್ತದಂತೆ! ಎಲ್ಲ ಸೇರಿದರೂ ಒಂದು ಒಳ್ಳೆಯ ರೇಷ್ಮೆ ಸೀರೆಯ ಬೆಲೆಯಾಗಲಿಲ್ಲ.

ಅವನು ಹೇಳಿದ್ದರಲ್ಲಿ ನಿಮಗೂ ಬೇಕಾದದ್ದು ಇಷ್ಟು. ಇಂಜಿನ್ ಚಾಲೂ ಮಾಡಿ ಬ್ರೇಕನ್ನು ಒಂದು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಪೆಡಲ್ ಮೆಲ್ಲಗೆ ಇಳಿಯುತ್ತಲೇ ಹೋದರೆ, ಹೊರಗೆ ಒಂದು ಹನಿ ಕಾಣದಿದ್ದರೂ ಮಾಸ್ಟರ್ ಸಿಲಿಂಡರ್ ಒಳಗೇ ಸೋರುತ್ತಿರಬಹುದು. ಎಣ್ಣೆ ಡಾಟ್ 3, ಡಾಟ್ 4 ಎಂದು ಬರುತ್ತದೆ. ಯಾವುದೆಂದು ಮುಚ್ಚಳದ ಮೇಲೆ ಬರೆದಿರುತ್ತದೆ. ಬೇರೆ ಎಣ್ಣೆ ಬೆರೆಸಿದರೆ ರಬ್ಬರುಗಳು ಉಬ್ಬಿ ಹಾಳಾಗುತ್ತವೆ. ಈ ಎಣ್ಣೆ ಉಪ್ಪಿನ ಹಾಗೆ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಹೊಸ ಡಾಟ್ 4 ಕುದಿಯಲು ಕಡಿಮೆಯೆಂದರೂ 230 ಡಿಗ್ರಿ ಬೇಕು. ತೇವ ಹಿಡಿದದ್ದು 155ಕ್ಕೇ ಕುದಿಯಬಹುದು. ಘಾಟಿಯ ಬಿಸಿಗೆ ಅದು ಕುದಿದು ಆವಿಯಾದರೆ ಬ್ರೇಕು ಇದ್ದೂ ಇಲ್ಲದಂತೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು.

ಮತ್ತೆ ಎರಡು ರಾತ್ರಿ ಪೇಪರ್ ಹಾಸಿದೆ. ಒಣಗಿಯೇ ಇತ್ತು. ಮುಂದಿನ ಗುರುವಾರ ಹೊರಟೆವು. ಘಾಟಿಯಲ್ಲಿ ಇವರು ಎರಡನೇ ಗೇರಿನಲ್ಲಿ, ಬ್ರೇಕಿನ ಮೇಲೇ ಕಾಲಿಟ್ಟುಕೊಳ್ಳದೆ ನಿಧಾನವಾಗಿ ಇಳಿಸಿದರು. ಸೋಮೇಶ್ವರ ತಲುಪುವವರೆಗೂ ಕೂಸಿಗೆ ಎಚ್ಚರವಾಗಲಿಲ್ಲ. "ಬ್ರೇಕ್ ಚೆನ್ನಾಗಿ ಹಿಡೀತಿದೆ ಕಣೇ" ಎಂದರು ಇವರು. "ಹೌದೇ?" ಎಂದೆ. ಹಿಂದೆ ಕೂತಿದ್ದ ಮಗಳು ಕೂಸಿನ ಟೋಪಿ ಸರಿಮಾಡುತ್ತ ನಕ್ಕಳು.