ಹತ್ತಿ ತುಂಬಿದ ಬಾಟಲಿ

ನನ್ನ ಇಂಜಿನಿಯರಿಂಗ್ ಕಾಲದ ಗೆಳೆಯನೊಬ್ಬನಿಗೆ ಎಚ್‌ಐವಿ ಇದೆ. (ಅವನನ್ನ ಕೇಳಿಯೇ ಬರೀತಿದೀನಿ, ಹೆಸರು ಮಾತ್ರ ಬೇಡ ಅಂದಿದಾನೆ.)

ಕಾಯಿಲೆ ಬಗ್ಗೆ ಅವನದೇನೂ ದೂರಿಲ್ಲ. ದಿನಕ್ಕೊಂದು ಮಾತ್ರೆ, ಅಷ್ಟೇ. 2004ರ ಏಪ್ರಿಲ್‌ನಿಂದ ಸರ್ಕಾರವೇ ಎಆರ್‌ಟಿ ಔಷಧಿಯನ್ನ ಪುಕ್ಕಟೆ ಕೊಡ್ತಿದೆ. ಮಾತ್ರೆ ತಪ್ಪಿಸದೆ, ರಕ್ತದಲ್ಲಿ ವೈರಸ್ಸು ಪರೀಕ್ಷೆಗೂ ಸಿಗದಷ್ಟು ಕಮ್ಮಿಯಾಗಿ ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದಲೂ ಇನ್ನೊಬ್ಬರಿಗೆ ಹರಡೋದಿಲ್ಲ. ಇವನ ರಿಪೋರ್ಟು ಹಾಗೇ ಬರ್ತಿದೆ. ನನಗಿಂತ ಗಟ್ಟಿಮುಟ್ಟಾಗಿದಾನೆ (ನನಗೆ ಮೂರನೇ ಮಹಡಿ ಹತ್ತೋಷ್ಟರಲ್ಲಿ ಏದುಸಿರು, ಅದು ಬಿಡಿ).

ಅವನು ಸುಸ್ತಾಗಿರೋದು ಬಚ್ಚಿಡೋ ಕೆಲಸದಿಂದ. ಬಾಟಲಿ ಮೇಲಿನ ಲೇಬಲ್ಲನ್ನ ಉಗುರಲ್ಲಿ ಕೆರೆದು ತೆಗೀಬೇಕು. ಬ್ಯಾಗು ಅಲುಗಾಡಿದಾಗ ಗಲಗಲ ಅನ್ನಬಾರದು ಅಂತ ಒಳಗೆ ಹತ್ತಿ ತುರುಕಬೇಕು. ಔಷಧಿ ತರೋ ದಿನ ಆಫೀಸಿಗೆ ಏನಾದ್ರೂ ನೆಪ ಹೇಳಬೇಕು. ಬ್ಯಾಂಕು, ಆರ್‌ಟಿಒ, ಪಾಸ್‌ಪೋರ್ಟು ಎಲ್ಲಾ ಖರ್ಚಾಗಿವೆ. ಇಷ್ಟು ಸಲ ಪಾಸ್‌ಪೋರ್ಟ್ ಆಫೀಸಿಗೆ "ಹೋದವನು" ಇನ್ನೂ ಶ್ರೀಲಂಕಾನೂ ನೋಡಿಲ್ಲ!

ಒಂದೇ ಒಂದು ಸಲ ನಿಜ ಹೇಳಿದ್ದ, ಒಬ್ಬ ಹಲ್ಲಿನ ಡಾಕ್ಟರ ಹತ್ರ. "ಎಲ್ಲಾ ಪೇಷಂಟ್ ಮುಗಿದ ಮೇಲೆ ಬನ್ನಿ" ಅಂದರಂತೆ. ರಾತ್ರಿ ಹೋದರೆ ಮೆಷಿನ್ ಕೆಟ್ಟಿದೆ! ಇವನಿಗೆ ಸಿಟ್ಟಿಗಿಂತ ಹೆಚ್ಚಾಗಿ ಅನುಮಾನ. "ನಾನಾದ ಮೇಲೆ ಸಲಕರಣೆ ಶುದ್ಧ ಮಾಡೋಕೆ ಹೆದರ್ತಾರೆ ಅಂದ್ರೆ, ಬೇರೆಯವರಾದ ಮೇಲೆ ಏನು ಮಾಡ್ತಾರೆ ಮಗಾ?" ಸರಿಯಾದ ಪ್ರಶ್ನೆ. ಯಾರಿಗೆ ಏನಿದೆ ಅಂತ ಗೊತ್ತಿಲ್ಲದಿದ್ರೂ ಪ್ರತಿಯೊಬ್ಬರಿಗೂ ಅಷ್ಟೇ ಎಚ್ಚರಿಕೆ ವಹಿಸಬೇಕು ಅನ್ನೋದೇ ನಿಯಮ.

2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಚಿಕಿತ್ಸೆ, ಕೆಲಸ, ಬಾಡಿಗೆ ಮನೆ ಯಾವುದರಲ್ಲೂ ತಾರತಮ್ಯ ಮಾಡೋ ಹಾಗಿಲ್ಲ. ದೂರು ಕೊಡೋ ಅಂದೆ. ಹೆಸರು ಬದಲಿಸಿ ಕೇಸು ನಡೆಸೋಕೂ ಅವಕಾಶ ಇದೆ ಅಂದೆ.

"ಅದೂ ಬಚ್ಚಿಡೋದೇ ಅಲ್ವೇನೋ" ಅಂತ ನಕ್ಕ.

ಮುಂದಿನ ತಿಂಗಳು ಅವನ ತಂಗಿ ಮದುವೆ. ಛತ್ರದಲ್ಲಿ ಎರಡು ರಾತ್ರಿ, ಒಂದೇ ರೂಮಿನಲ್ಲಿ ಚಾಪೆ ಹಾಸಿಕೊಂಡು ಹತ್ತು ಹದಿನೈದು ಜನ, ಜೊತೆಗೆ ಯಾರ ಬ್ಯಾಗಾದ್ರೂ ಸರಿ ಬಿಚ್ಚಿ ಬಾಚಣಿಗೆ ಹುಡುಕೋ ಚಿಕ್ಕಪ್ಪಂದಿರು. ಒಂಬತ್ತೂವರೆಗೆ ಮಾತ್ರೆ ಟೈಮು. ಬಾಟಲಿ ನನ್ನ ಬ್ಯಾಗಿನಲ್ಲಿರುತ್ತೆ. ಯಾರಾದ್ರೂ ಕೇಳಿದ್ರೆ ನನಗೆ ಗ್ಯಾಸ್ಟ್ರಿಕ್ಕು.