ನಾಲ್ಕು ಊರು ಸುತ್ತಿದ ಮೇಲೆ ಸಿಕ್ಕ ಕಾಗದ



ಸ್ವಲ್ಪ ಉದ್ದದ ಪೋಸ್ಟು. ಪುರುಸೊತ್ತು ಮಾಡ್ಕೊಂಡು ಓದಿ. ನಿಮ್ಮ ಕೇರಿಯಲ್ಲೂ ಇಂಥ ಒಬ್ಬಳು ಅಕ್ಕ ಇದ್ದೇ ಇರ್ತಾಳೆ.

ನಮ್ಮ ಚಿಕ್ಕಮ್ಮನ ಮಗಳು, ನನಗಿಂತ ಎರಡು ವರ್ಷ ದೊಡ್ಡೋಳು. ಹೆಸರು ಹಾಕಲ್ಲ. ಕೇಳಿದ್ದಕ್ಕೆ "ಇಸ್ಯ ಬರಿ, ಹೆಸ್ರು ಬ್ಯಾಡ" ಅಂದವಳೆ. ಮದುವೆ ಆಗಿದ್ದು ಹೊಳೆನರಸೀಪುರ ತಾಲೂಕಿನ ನಮ್ಮೂರಲ್ಲೇ, ಮನೆ ಮುಂದೆ ಚಪ್ಪರ ಹಾಕಿ. ಕೊಟ್ಟಿದ್ದು ಅರಕಲಗೂಡು ಕಡೆಗೆ. ಅಲ್ಲಿ ಹೊಗೆಸೊಪ್ಪು ಪೋಣಿಸೋ ಕೂಲಿ. ಆಮೇಲೆ ಗಂಡ ಗಾರೆ ಕೆಲಸ ಅಂತ ಚನ್ನರಾಯಪಟ್ಟಣಕ್ಕೆ ಹೋದ, ಇವಳೂ ಹೋದ್ಲು, ಬಾಡಿಗೆ ಮನೆ. ಅಲ್ಲಿ ಹೊಡೆತ ಬಡಿತ ಜಾಸ್ತಿ ಆಗಿ 2010ರ ಸುಮಾರಿಗೆ ಮಗು ಎತ್ಕೊಂಡು ಬಂದ್ಲು. ಕೇರಿ ಯಜಮಾನರು ಕೂತು ನ್ಯಾಯ ಮಾಡಿದ್ರು. ಎಲೆ ಅಡಿಕೆ ಹಿಡಿಸಿ "ಇನ್ನು ಅವನಿಗೂ ನಿಂಗೂ ಸಂಬಂಧ ಇಲ್ಲ" ಅಂದ್ರು. ಗಂಡನ ಕಡೆಯವರು ಒಬ್ಬ ವಕೀಲರನ್ನ ಹಿಡಿದಿದ್ರು. ಒಂದು ದಿನ ಕೋರ್ಟಿಗೆ ಕರ್ಕೊಂಡೋಗಿ ನಾಲ್ಕೈದು ಕಡೆ ಸಹಿ ಹಾಕಿಸಿದ್ರು. "ಆಯ್ತು ಕಣಮ್ಮ, ಹೋಗು" ಅಂದ್ರು. ಅಕ್ಕ ಹಾಸನಕ್ಕೆ ಬಂದು ಎರಡು ಮನೆ ಕೆಲಸ ಹಿಡಿದು ಮಗಳನ್ನ ಡಿಗ್ರಿ ಓದಿಸಿದ್ಲು. ಅವನು ಇನ್ನೊಂದು ಮದುವೆ ಆದ, ಎರಡು ಮಕ್ಕಳು.

ಈಗ ಅಕ್ಕನಿಗೆ ಮೊಣಕಾಲು ನೋವು, ಮನೆ ಕೆಲಸ ಆಗಲ್ಲ. ಮನಸ್ವಿನಿ ಪಿಂಚಣಿಗೆ ಅರ್ಜಿ ಹಾಕೋಣ ಅಂದೆ. 2013ರಲ್ಲಿ ಶುರುವಾದ ಯೋಜನೆ ಇದು, 40ರಿಂದ 64 ವಯಸ್ಸಿನ ಬಡ ಅವಿವಾಹಿತೆಯರಿಗೆ, ವಿಚ್ಛೇದಿತೆಯರಿಗೆ. ಕೌಂಟರಿನಲ್ಲಿ ಕೂತವರು ತಲೆ ಎತ್ತದೇ ಕೇಳಿದ್ರು: "ಡೈವೋರ್ಸ್ ಆರ್ಡರ್ ಎಲ್ಲಿ?"

ಅಕ್ಕ ನನ್ನ ಮುಖ ನೋಡಿದ್ಲು. ಯಾವ ಕೋರ್ಟು, ಯಾವ ವರ್ಷ, ಕೇಸ್ ನಂಬರ್ ಏನು, ಒಂದೂ ಗೊತ್ತಿಲ್ಲ. "ಬಿಳೀ ಕಟ್ಟಡ, ಮುಂದೆ ಮರ ಇತ್ತು" ಅಷ್ಟೇ.

ನಾನೂ ಗುಮಾಸ್ತನೇ. ಇಪ್ಪತ್ತು ವರ್ಷದಿಂದ ಕಡತಗಳ ಮಧ್ಯೆ ಕೂತವನು. ಒಪ್ಕೊತೀನಿ, ಎಷ್ಟೋ ಹೆಣ್ಮಕ್ಕಳಿಗೆ ನಾನೂ "ಆ ಕಾಗದ ತಗೊಂಬಾ" ಅಂತ ಹೇಳಿ ಕಳಿಸಿದೀನಿ. ಆ ಕಾಗದ ಎಲ್ಲಿ ಸಿಗುತ್ತೆ ಅಂತ ಒಂದು ದಿನವೂ ಹೇಳಿಲ್ಲ. ಈಗ ಹೇಳ್ತೀನಿ.

ಮೊದಲನೇದು, ವಿಚ್ಛೇದನಕ್ಕೆ ಬೇರೆ ರಿಜಿಸ್ಟರ್ ಅಂತ ಇಲ್ಲ. ಜನನ ಮರಣ 1969ರ ಕಾಯ್ದೆಯಲ್ಲಿ ನೋಂದಣಿ ಆಗುತ್ತೆ. ಮದುವೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಆಗುತ್ತೆ. ವಿಚ್ಛೇದನದ ದಾಖಲೆ ಅಂದ್ರೆ ಕೋರ್ಟಿನ ತೀರ್ಪು ಮತ್ತು ಡಿಕ್ರಿ, ಬೇರೆ ಯಾವುದೂ ಅಲ್ಲ. ಅಮೆರಿಕದಲ್ಲಿ ಕೌಂಟಿಗೊಂದು ಕಚೇರಿ ಇಂಥ ದಾಖಲೆ ಇಟ್ಕೊಂಡಿರುತ್ತಂತೆ. ನಮ್ಮಲ್ಲಿ ಕೇಸ್ ನಡೆದ ಕೋರ್ಟನ್ನೇ ಹುಡುಕಿ ಹೋಗ್ಬೇಕು.

ಎರಡನೇದು, ಯಾವ ಕೋರ್ಟು? ಹಿಂದೂ ವಿವಾಹ ಕಾಯ್ದೆ 1955ರ 19ನೇ ಕಲಂ ನೋಡಿ. ಮದುವೆ ನಡೆದ ಜಾಗ, ಎದುರುದಾರ ವಾಸ ಇರೋ ಜಾಗ, ಗಂಡ ಹೆಂಡತಿ ಕೊನೆಗೆ ಒಟ್ಟಿಗಿದ್ದ ಜಾಗ, 2003ರ ತಿದ್ದುಪಡಿ ಆದ್ಮೇಲೆ ಅರ್ಜಿ ಹಾಕೋ ಹೆಂಡತಿ ವಾಸ ಇರೋ ಜಾಗ. ಅಕ್ಕನ ಲೆಕ್ಕದಲ್ಲಿ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಹಾಸನ, ನಾಲ್ಕೂ ಆಗಬಹುದು. (ಬೌದ್ಧ ಧಮ್ಮಕ್ಕೆ ಬಂದ ನಮ್ಮವರು ಗಮನಿಸಿ, ಈ ಕಾಯ್ದೆ ಬೌದ್ಧರಿಗೂ ಅನ್ವಯಿಸುತ್ತೆ.)

ರಾತ್ರಿ ಮೊಬೈಲಲ್ಲಿ ಇ-ಕೋರ್ಟ್ಸ್ ತೆಗೆದು ಕೂತೆ. ಪಕ್ಷಗಾರರ ಹೆಸರು, ವರ್ಷ ಹಾಕಿ ಹುಡುಕಬಹುದು. ಜಿಲ್ಲೆ ಆರಿಸಿ, ಆಮೇಲೆ ಕೋರ್ಟ್ ಸಂಕೀರ್ಣ ಆರಿಸಬೇಕು. 'ಬಾಕಿ' ಒಂದೇ ಅಲ್ಲ, 'ವಿಲೇ' ಆಯ್ಕೆನೂ ಒತ್ತಿ. ಹೆಸರು ಇಂಗ್ಲಿಷಲ್ಲಿ ಹೇಗೆ ಟೈಪ್ ಮಾಡಿದಾರೋ ಗೊತ್ತಿರಲ್ಲ. 'ಅಮ್ಮ'ಗೆ ಒಂದು ಎಂ ಹಾಕೋರು ಇದಾರೆ, ಎರಡು ಹಾಕೋರೂ ಇದಾರೆ. ಪೂರ್ತಿ ಹೆಸರು ಬೇಡ, ಮೊದಲ ನಾಲ್ಕೈದು ಅಕ್ಷರ ಹಾಕಿ ನೋಡಿ. ನಮ್ಮ ಕಡೆ ವಿಚ್ಛೇದನದ ಕೇಸಿಗೆ ಸಾಮಾನ್ಯವಾಗಿ 'ಎಂ.ಸಿ.' ಅಂತ ನಂಬರ್ ಇರುತ್ತೆ. ಹಳೇ ಕೇಸು ಆನ್‌ಲೈನಲ್ಲಿ ಸಿಗದೆ ಇರಬಹುದು. ನಮಗೆ ಸಿಗಲಿಲ್ಲ.

ಆರ್‌ಟಿಐ ಹಾಕು ಅಂದ್ರು ಗೆಳೆಯರು. ಕೋರ್ಟಿನ ಕೇಸ್ ಕಡತದ ನಕಲು ಕೋರ್ಟಿನ ನಿಯಮದ ಪ್ರಕಾರವೇ ಪಡೀಬೇಕು, ಆರ್‌ಟಿಐ ದಾರಿ ಅಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲೇ ಹೇಳಿದೆ. ಅದಕ್ಕೆ ಕಾಲ ಕಳೀಬೇಡಿ.

ರಜೆ ಹಾಕಿ ಅಕ್ಕನ್ನ ಕರ್ಕೊಂಡು ಹೊರಟೆ. ಅವಳು ಬರಲೇಬೇಕು. ಪಕ್ಷಗಾರರೇ ಕೇಳಿದ್ರೆ ದೃಢೀಕೃತ ನಕಲು ಸುಲಭ. ಹೊರಗಿನವರು ಯಾಕೆ ಬೇಕು ಅಂತ ಕಾರಣ ಕೊಟ್ಟು ಅನುಮತಿ ತಗೋಬೇಕು. ಅದು ಸರಿನೇ, ಗಂಡ ಹೆಂಡತಿ ಜಗಳ ಊರವರೆಲ್ಲ ಓದೋ ವಸ್ತು ಅಲ್ಲ. 22ನೇ ಕಲಮಿನ ಪ್ರಕಾರ ಇಂಥ ವಿಚಾರಣೆ ನಡೆಯೋದೂ ಗುಟ್ಟಾಗೇ.

ಹಾಸನದಲ್ಲಿ ಇರಲಿಲ್ಲ. ಹೊಳೆನರಸೀಪುರದಲ್ಲೂ ಇಲ್ಲ. ಬಸ್ಸು ಹೇಮಾವತಿ ಸೇತುವೆ ದಾಟುವಾಗ ಅಕ್ಕ "ಬುಡು, ಆ ದುಡ್ಡು ಬ್ಯಾಡ" ಅಂದ್ಲು. ಅರಕಲಗೂಡಲ್ಲಿ ಎರಡು ವರ್ಷದ ಪುಟ ತಿರುವಿದ್ದಾಯ್ತು, ಇಲ್ಲ. ಒಂದು ಕಡೆ, ಎಲ್ಲಿ ಅಂತ ಹೇಳಲ್ಲ, ಮೇಜಿನ ಹಿಂದೆ ಇದ್ದವರು "ನಿಮ್ಮೋರಲ್ಲಿ ಇದೆಲ್ಲ ಕೋರ್ಟಿಗ್ ಬತ್ತದಾ?" ಅಂತ ನಕ್ಕರು. ನಾನು ಏನೋ ಅನ್ನೋಕ್ ಹೋದೆ, ಅಕ್ಕ ತೋಳು ಹಿಡಿದ್ಲು. ಕಾಗದ ಬೇಕಿರೋದು ಅವಳಿಗೆ. ಸುಮ್ಮನಾದೆ.

ಚನ್ನರಾಯಪಟ್ಟಣದಲ್ಲಿ ಬಸ್ಸಿಳಿದು ಕೋರ್ಟಿನ ಹತ್ರ ಹೋಗ್ತಿದ್ದಂಗೆ ಅಕ್ಕ "ಇದೇ ಮರ" ಅಂದ್ಲು. ರಿಜಿಸ್ಟರಿನಲ್ಲಿ ಹೆಸರು ಸಿಕ್ತು. ನಕಲು ಅರ್ಜಿ ಬರೆದ್ವಿ: ಕೇಸ್ ನಂಬರ್, ಪಕ್ಷಗಾರರ ಹೆಸರು, ವಿಲೇ ಆದ ದಿನಾಂಕ, ಯಾವ್ಯಾವ ಕಾಗದ ಬೇಕು. ಇಲ್ಲಿ ಒಂದು ಮಾತು, ಡಿಕ್ರಿ ಒಂದನ್ನೇ ಕೇಳ್ಬೇಡಿ. ಅರ್ಜಿ ಮತ್ತು ಆರ್ಡರ್ ಶೀಟು ಕೂಡ ಕೇಳಿ. ಶುಲ್ಕ ಕಟ್ಟಿ ರಸೀದಿ ತಗೊಳ್ಳಿ. ಹಳೇ ಕಡತ ರೆಕಾರ್ಡ್ ರೂಮಿಂದ ಬರಬೇಕು, ಆ ದಿನವೇ ಸಿಗಲ್ಲ. ನಮ್ಮನ್ನ ಇನ್ನೊಂದು ದಿನ ಬರೋಕೆ ಹೇಳಿದ್ರು.

ಆ ದಿನ ಹೋಗಿ ಕಾಗದ ಕೈಗೆ ಬಂದಾಗ ಕಡೇ ಪುಟ ಓದಿದೆ. ಎರಡು ಸಲ ಓದಿದೆ. ಪಕ್ಷಗಾರರು ಗೈರು, ಅರ್ಜಿ ವಜಾ.

ವಿಚ್ಛೇದನ ಆಗೇ ಇರಲಿಲ್ಲ ಗೆಳೆಯರೇ.

ಅವಳು ಸಹಿ ಹಾಕಿದ್ದು 13ಬಿ ಕಲಮಿನ ಪರಸ್ಪರ ಒಪ್ಪಿಗೆಯ ಅರ್ಜಿಗೆ. ಅದರಲ್ಲಿ ಎರಡು ಹಂತ. ಅರ್ಜಿ ಹಾಕಿ ಆರು ತಿಂಗಳಾದ ಮೇಲೆ, ಹದಿನೆಂಟು ತಿಂಗಳೊಳಗೆ, ಇಬ್ಬರೂ ಮತ್ತೆ ಕೋರ್ಟಿಗೆ ಬಂದು "ಹೌದು, ಬೇಕು" ಅನ್ನಬೇಕು. (ಆ ಆರು ತಿಂಗಳನ್ನ ಕೋರ್ಟು ಬೇಕಾದ್ರೆ ಮನ್ನಾ ಮಾಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.) ಎರಡನೇ ಸಲ ಬರಬೇಕು ಅಂತ ಇವಳಿಗೆ ಯಾರೂ ಹೇಳಲಿಲ್ಲ. ಅವನೂ ಹೋಗಲಿಲ್ಲ.

ಮರದ ಕೆಳಗೆ ಕೂತು ಬಿಡಿಸಿ ಹೇಳಿದೆ. ಅಕ್ಕ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದ್ಲು: "ಊರೆಲ್ಲ ಗಂಡ ಬುಟ್ಟೋಳು ಅಂತ ಕರೀತು. ಇದ್ರಲ್ಲಿ ನೋಡುದ್ರೆ ಇನ್ನೂ ಅವನ ಹೆಂಡ್ತಿನಂತೆ."

ಯಜಮಾನರ ನ್ಯಾಯ ನಡೆಯಲ್ವಾ ಅಂತ ನೀವು ಕೇಳ್ತೀರಿ. ಬಾಬಾಸಾಹೇಬರು ಹಿಂದೂ ಕೋಡ್ ಬಿಲ್ ತಂದಾಗ ಮೇಲ್ಜಾತಿಯವರು ವಿಚ್ಛೇದನ ಅಂದ್ರೆ ಧರ್ಮ ಹಾಳು ಅಂತ ಕೂಗಿದ್ರು. ಶೂದ್ರರಲ್ಲಿ ಬಿಡುಗಡೆ ರೂಢಿ ಮೊದಲಿಂದಲೂ ಇದೆ ಅಂತ ಬಾಬಾಸಾಹೇಬರು ಸದನದಲ್ಲೇ ಉತ್ತರ ಕೊಟ್ರು. ಬಿಲ್ ಮುಂದೆ ಹೋಗದಿದ್ದಕ್ಕೆ 1951ರ ಸೆಪ್ಟೆಂಬರಿನಲ್ಲಿ ಮಂತ್ರಿ ಸ್ಥಾನಕ್ಕೇ ರಾಜೀನಾಮೆ ಕೊಟ್ರು. 1955ರ ಕಾಯ್ದೆಯ 29(2)ನೇ ಕಲಂ ಆ ರೂಢಿಯನ್ನ ಉಳಿಸಿದೆ. ಆದ್ರೆ ರೂಢಿ ಇತ್ತು, ಅದರಂತೆಯೇ ಬಿಡುಗಡೆ ಆಯ್ತು ಅಂತ ಸಾಬೀತು ಮಾಡೋ ಹೊರೆ ಹೇಳಿಕೊಂಡವರದ್ದು. ಇದನ್ನೂ ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದೆ. ನಮ್ಮ ಯಜಮಾನರಲ್ಲಿ ಇಬ್ಬರು ತೀರಿಕೊಂಡಿದ್ದಾರೆ. ಸಾಕ್ಷಿ ಯಾರು? ಇನ್ನು ಛಾಪಾ ಕಾಗದದ ಮೇಲೆ ನೋಟರಿ ಹತ್ರ ಬರೆಸಿದ 'ಬಿಡುಗಡೆ ಪತ್ರ' ಒಂದರಿಂದಲೇ ಮದುವೆ ಮುರಿಯಲ್ಲ. ನಮ್ಮ ಹೆಣ್ಮಕ್ಕಳ ಟ್ರಂಕುಗಳಲ್ಲಿ ಆ ಪತ್ರಗಳೇ ಜಾಸ್ತಿ ಇರೋದು.

ಅವನ ಎರಡನೇ ಮದುವೆ ಕಾನೂನಲ್ಲಿ ನಿಲ್ಲಲ್ಲ. ಕೇಸ್ ಹಾಕೋಣ ಅಂದೆ, ನನಗೆ ಸಿಟ್ಟು. ಅಕ್ಕ "ಆ ಹೆಂಗ್ಸು ಏನ್ ಮಾಡಿದ್ಲು? ಅವ್ಳೂ ಕೂಲಿನೋಳೆ" ಅಂದ್ಲು. ಆ ಮಕ್ಕಳಿಗೆ 16ನೇ ಕಲಂ ರಕ್ಷಣೆ ಇದೆ, ಅವರು ಅಕ್ರಮ ಸಂತಾನ ಆಗಲ್ಲ ಅಂದಾಗ ಅವಳಿಗೆ ಸಮಾಧಾನ ಆಯ್ತು. ನನಗೆ ನಾಚಿಕೆ ಆಯ್ತು.

ಈಗ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಟ್ಟಿದೀವಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಹೆಣ್ಮಕ್ಕಳಿಗೆ, ಎಸ್‌ಸಿ ಎಸ್‌ಟಿಗಳಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗ್ತಾರೆ. 15100ಕ್ಕೆ ಫೋನ್ ಮಾಡಿದ್ರೂ ದಾರಿ ಹೇಳ್ತಾರೆ. ಹೊಸದಾಗಿ ವಿಚ್ಛೇದನ, ಜೊತೆಗೆ ಜೀವನಾಂಶ. ಪಿಂಚಣಿ ಸದ್ಯಕ್ಕಿಲ್ಲ.

ಸಂಘಟನೆಯ ಗೆಳೆಯರಲ್ಲಿ ಒಂದೇ ಕೋರಿಕೆ. ಕೇರಿಗೆ ಹೋದಾಗ ಬ್ಯಾನರ್ ಕಟ್ಟೋಕ್ ಮುಂಚೆ ಗಂಡನಿಂದ ದೂರ ಇರೋ ಅಕ್ಕಂದಿರನ್ನ ಕೇಳಿ: "ನಿನ್ನ ಹತ್ರ ಡಿಕ್ರಿ ಇದೆಯಾ?" ಇದ್ದರೆ ಜೆರಾಕ್ಸ್ ಮಾಡಿಸಿ ಇಡಿ. ವಿಚ್ಛೇದನದ ಡಿಕ್ರಿಯ ಒಂದು ಪ್ರತಿಯನ್ನ ಇಬ್ಬರಿಗೂ ಉಚಿತವಾಗಿ ಕೊಡಬೇಕು ಅಂತ 23(4)ನೇ ಕಲಮಿನಲ್ಲೇ ಇದೆ, ಕೇಳಿ ಪಡೀರಿ. ಇಲ್ಲ ಅಂದ್ರೆ ಕೇಸ್ ನಂಬರ್ ಕೇಳಿ. ಅದೂ ಇಲ್ಲ ಅಂದ್ರೆ ಜೊತೆಗೆ ಹೋಗಿ.

ಮುಂದಿನ ವಾರ ನಾನೂ ಅಕ್ಕನೂ ಮತ್ತೆ ಚನ್ನರಾಯಪಟ್ಟಣಕ್ಕೆ ಹೋಗ್ತಿದೀವಿ. ಈ ಸಲ ಸಹಿ ಹಾಕೋಕ್ ಮುಂಚೆ ಮಗಳು ಪ್ರತಿ ಸಾಲೂ ಓದಿ ಹೇಳ್ಬೇಕು ಅಂತ ಅಕ್ಕ ಕರಾರು ಹಾಕವಳೆ.

ಜೈ ಭೀಮ್.