ಅಜ್ಜಿಗೆ ಮರೆವಲ್ಲ, ಪೊರೆ

ಮಕ್ಕಳೇ, ವಯಸ್ಸಾದವರಿಗೆ ಸಣ್ಣ ಅಕ್ಷರ ಓದಲು ಕಷ್ಟ ಎಂಬುದು ನಿಮಗೆಲ್ಲ ಗೊತ್ತು. ಅದಕ್ಕಿಂತ ಕಷ್ಟದ ಕೆಲಸಗಳು ಬೇರೆ ಇವೆ. ಲೋಟ ತುಂಬಿತೇ ಎಂದು ನೋಡುವುದು, ಮೆಟ್ಟಿಲು ಇಳಿಯುವುದು, ಎದುರಿಗೆ ಬಂದವರ ಮುಖ ಗುರುತಿಸುವುದು. ನನಗೀಗ 72 ವರ್ಷ. ಈ ಮೂರನ್ನೂ ಅನುಭವಿಸಿದವಳು ನಾನು.

ನಲವತ್ತು ದಾಟಿದಾಗ ಎಲ್ಲರಂತೆ ನನಗೂ ಚಾಳೀಸು ಬಂತು. ಕನ್ನಡಕ ಹಾಕಿದೆ, ಸರಿಹೋಯಿತು. ಅರವತ್ತೈದರ ನಂತರ ಶುರುವಾದದ್ದಕ್ಕೆ ಕನ್ನಡಕ ಸಾಲಲಿಲ್ಲ. ಅಕ್ಕಿಯಲ್ಲಿ ಬಿಳಿ ಕಲ್ಲು ಕಾಣದು. ಕಪ್ಪು ಸೀರೆ, ಕಡುನೀಲಿ ಸೀರೆ ಎರಡೂ ಒಂದೇ. ದೇವಸ್ಥಾನದ ಮೆಟ್ಟಿಲುಗಳು ಒಂದೇ ಬಣ್ಣದ ಕಲ್ಲಿನವು. ಮೇಲಿನಿಂದ ನೋಡಿದರೆ ಇಳಿಜಾರಿನ ಹಾಗೆ ಕಾಣುತ್ತಿತ್ತು. ಸಂಜೆ ಎದುರಿಗೆ ಬೈಕು ಬಂದರೆ ಅದರ ದೀಪ ಕಣ್ಣಿನ ತುಂಬ ಹರಡಿ ರಸ್ತೆಯೇ ಮಾಯವಾಗುತ್ತಿತ್ತು. ಭಜನೆಗೆ ಹೋಗುವುದನ್ನೇ ನಿಲ್ಲಿಸಿದೆ.

ಬೀದಿಯಲ್ಲಿ ನಕ್ಕವರಿಗೆ ತಿರುಗಿ ನಗಲಿಲ್ಲವೆಂದು ಕೆಲವರು "ಅವರಿಗೆ ಜಂಬ" ಅಂದರು. ಎದುರಿಗಿದ್ದ ಡಬ್ಬಿಯನ್ನೇ ಹುಡುಕುತ್ತಿದ್ದರೆ ಮನೆಯಲ್ಲಿ "ಅಜ್ಜಿಗೆ ಮರೆವು" ಅಂದರು. ಜಂಬವೂ ಅಲ್ಲ, ಮರೆವೂ ಅಲ್ಲ. ಎರಡೂ ಕಣ್ಣಿಗೆ ಪೊರೆ ಬಂದಿತ್ತು.

ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಒಳಗಿನ ಮಸೂರ ಹಳದಿಯಾಗುತ್ತದೆ. ಇಪ್ಪತ್ತರ ಕಣ್ಣಿನ ಒಳಪರದೆಗೆ ತಲುಪುವ ಬೆಳಕಿನಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ಅರವತ್ತರ ಕಣ್ಣಿಗೆ ತಲುಪುತ್ತದೆ. ಆ ಮಸೂರವೇ ಮಬ್ಬಾದರೆ ಅದು ಪೊರೆ.

ಪೊರೆಗೆ ಆಪರೇಷನ್ ಇದೆ. ನನ್ನ ವಯಸ್ಸಿನವರಿಗೆ ಬೀಳಗಿಯ ಡಾ. ಎಂ. ಸಿ. ಮೋದಿಯವರ ಹೆಸರು ನೆನಪಿರುತ್ತದೆ. ಊರೂರಲ್ಲಿ ಶಿಬಿರ ನಡೆಸಿ ಲಕ್ಷಗಟ್ಟಲೆ ಜನರ ಪೊರೆ ತೆಗೆದವರು ಅವರು. ಆ ಕಾಲದಲ್ಲಿ ಮಸೂರ ತೆಗೆದ ಜಾಗದಲ್ಲಿ ಸಾಮಾನ್ಯವಾಗಿ ಏನೂ ಇಡುತ್ತಿರಲಿಲ್ಲ. ಅದಕ್ಕೇ ನಮ್ಮ ಅಜ್ಜಂದಿರಿಗೆ ಸೋಡಾಬುಡ್ಡಿ ಕನ್ನಡಕ! ಕಣ್ಣೊಳಗೆ ಕೃತಕ ಮಸೂರ ಇಡುವುದನ್ನು ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು 1949ರಲ್ಲೇ ಆರಂಭಿಸಿದ್ದರೂ ಅದು ನಮ್ಮ ಹಳ್ಳಿಗಳಿಗೆ ಬರಲು ದಶಕಗಳೇ ಹಿಡಿದವು. ನನ್ನ ಬಲಗಣ್ಣಿಗೆ ಈಗ ಅಂಥದ್ದೇ ಮಸೂರ. ಎಡಗಣ್ಣಿನದು ದೀಪಾವಳಿ ಕಳೆದ ಮೇಲೆ.

ಆದರೆ ಹಿರಿಯರೇ, ಮಂಜಾದದ್ದೆಲ್ಲ ಪೊರೆಯಲ್ಲ. ಗ್ಲಾಕೋಮಾ ಸಾಮಾನ್ಯವಾಗಿ ನೋವಿಲ್ಲದೆ, ಸದ್ದಿಲ್ಲದೆ ಅಂಚಿನಿಂದ ನೋಟವನ್ನು ತಿನ್ನುತ್ತ ಬರುತ್ತದೆ. ಹೋದ ನೋಟ ಮರಳುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬಹುದು ಅಷ್ಟೆ. ಸಕ್ಕರೆ ಕಾಯಿಲೆ ಕಣ್ಣಿನ ಒಳಪರದೆಯನ್ನೇ ಕೆಡಿಸಬಹುದು. "ವಯಸ್ಸಾಯಿತು, ಬಿಡಿ" ಎಂದು ಸುಮ್ಮನಿರಬೇಡಿ. ವರ್ಷಕ್ಕೊಮ್ಮೆ ತೋರಿಸಿ.

ಇನ್ನು ಮಕ್ಕಳಿಗೆ ಕೆಲಸ. ಪ್ರತಿ ಮೆಟ್ಟಿಲಿನ ಅಂಚಿಗೆ ಹಳದಿ ಪಟ್ಟಿ ಅಂಟಿಸಿ. ಹಾಲನ್ನು ಬಣ್ಣದ ಲೋಟದಲ್ಲಿ, ಕಾಫಿಯನ್ನು ಬಿಳಿ ಕಪ್ಪಿನಲ್ಲಿ ಕೊಡಿ. ಎಷ್ಟು ತುಂಬಿದೆ ಎಂದು ಆಗ ಕಾಣುತ್ತದೆ. ನಡೆದಾಡುವ ದಾರಿಯಲ್ಲಿ ಚಪ್ಪಲಿ, ಶಾಲೆಯ ಚೀಲ ಬಿಡಬೇಡಿ. ರಾತ್ರಿ ಬಚ್ಚಲಿನ ದಾರಿಗೆ ಸಣ್ಣ ದೀಪ ಇರಲಿ. ಹತ್ತಿರ ಬಂದಾಗ "ಅಜ್ಜಿ, ನಾನು" ಎನ್ನುವ ಬದಲು ಹೆಸರು ಹೇಳಿ.

ನೂರರ ನೋಟಿನ ಮೇಲೆ ಉಬ್ಬಿದ ತ್ರಿಕೋನ, ಐನೂರರ ಮೇಲೆ ಉಬ್ಬಿದ ವೃತ್ತ ಇದೆ. ಹೊಸ ನೋಟಾದರೆ ಬೆರಳಿಗೆ ಚೆನ್ನಾಗಿ ಸಿಗುತ್ತದೆ. ಇವತ್ತು ಅಜ್ಜನ ಬೆರಳು ಹಿಡಿದು ತೋರಿಸಿ. ನಾಳೆ ಅಂಗಡಿಗೆ ಅವರೇ ಹೋಗಿಬರಲಿ. ಬರುವಾಗ ನಿಮಗೊಂದು ಪೆಪ್ಪರಮಿಂಟು ಸಿಕ್ಕರೂ ಸಿಕ್ಕೀತು.